ಸೇಬಿನ ಗಿಡಕ್ಕೆ ಐಸು

ಗೋಣಿಯಲ್ಲಿ ಸುತ್ತಿದ ಐಸ್ ಗಡ್ಡೆಯನ್ನು ಸೈಕಲ್ಲಿನಿಂದ ಇಳಿಸುತ್ತಿದ್ದವನಿಗೆ ಮಾಮ ಗೇಟಿನಲ್ಲೇ ಅಡ್ಡ ನಿಂತ.

"ಅಕ್ಕನ್ನ ಇಡೋಕೆ ಫ್ರೀಜರ್ ಬಾಕ್ಸ್ ಮೊನ್ನೇನೇ ಬಂದಿದೆ. ಯಾರು ಹೇಳಿದ್ರಪ್ಪ ನಿಂಗೆ? ವಾಪಸ್ ತಗೊಂಡ್ಹೋಗು."

ಐಸಿನವನು ಗಡ್ಡೆಯನ್ನು ಹೆಗಲಿಗೇರಿಸಿಕೊಂಡೇ ಹೇಳಿದ. "ಇದು ಅಮ್ಮಾವ್ರಿಗಲ್ಲ ಸ್ವಾಮಿ, ಅವರ ಗಿಡಕ್ಕೆ. ಇವತ್ತು ಭಾನುವಾರ ಅಲ್ವಾ?"

ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದವರಲ್ಲಿ ಯಾರೋ ಕೆಮ್ಮಿದರು. ಅದು ಕೆಮ್ಮಲ್ಲ, ನುಂಗಿಕೊಂಡ ನಗು ಎಂದು ಮಗಳಿಗೆ ಗೊತ್ತಾಯಿತು. ಅವಳು ಓಡಿ ಬಂದು ಗೇಟು ತೆರೆದಳು. "ಬಿಡು ಮಾಮ. ಚಳಿಗಾಲದಲ್ಲಿ ವಾರಕ್ಕೊಂದು ಗಡ್ಡೆ. ಅಮ್ಮ ಹೇಳಿಟ್ಟಿರೋದು."

"ನನ್ನಕ್ಕನಿಗೆ ಹುಚ್ಚು," ಎಂದ ಮಾಮ. ಹಾಗನ್ನುತ್ತಲೇ ಗಡ್ಡೆಯ ಇನ್ನೊಂದು ತುದಿಗೆ ಕೈ ಕೊಟ್ಟ.

ಹಿತ್ತಲಲ್ಲಿ ಅಂಜೂರ, ಸೀಬೆ, ದಾಳಿಂಬೆ, ನಿಂಬೆ ಎಲ್ಲವೂ ತುಂಬು ಬಸುರಿಯರ ಹಾಗೆ ತೂಗುತ್ತಿದ್ದವು. ಬೀದಿಯವರಿಗೆ ಹಂಚಿ ಮಿಕ್ಕಿದ್ದು ಅಳಿಲಿಗೆ. ನಡುವೆ ಸೇಬಿನ ಗಿಡವೊಂದೇ ಬೋಳು. ಅದು ಒಣಗಿರಲಿಲ್ಲ. ಹೋದ ವಾರವಷ್ಟೇ ಅಮ್ಮ ಸ್ಟೂಲು ಹತ್ತಿ ಒಂದೊಂದೇ ಎಲೆ ಕಿತ್ತಿದ್ದಳು. ಸೇಬು ಚಳಿಯಲ್ಲಿ ಮಲಗಿ ಎದ್ದರೇ ಹೂ ಬಿಡುವುದಂತೆ. ಈ ಸೆಕೆಯ ಊರಿನಲ್ಲಿ ಅದು ಮಲಗುವುದೆಲ್ಲಿ? ಎಲೆ ಕಿತ್ತು, ಬುಡಕ್ಕೆ ಐಸು ಹಾಕಿ, "ಚಳಿ ಬಂತು, ಮಲಗು" ಎಂದು ಅದನ್ನು ನಂಬಿಸುವುದು ಅಮ್ಮನ ಉಪಾಯ. ಮೂವತ್ತೆಂಟು ವರ್ಷದಿಂದ ಗಿಡ ನಂಬಿರಲಿಲ್ಲ.

ಅಪ್ಪ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದ. ಕನ್ನಡಕದ ಅಂಗಡಿಯಲ್ಲಿ ನಲವತ್ತು ವರ್ಷ ಊರವರನ್ನೆಲ್ಲ ಮಾತಾಡಿಸಿದ ಮನುಷ್ಯ. ಶುಕ್ರವಾರ ಮಧ್ಯಾಹ್ನ ಅಮ್ಮ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟವಳು ಮತ್ತೆ ಎತ್ತದೆ ಹೋದ ಮೇಲೆ ಅವನು ಸರಿಯಾಗಿ ಒಂದು ಮಾತಾಡಿರಲಿಲ್ಲ. ಗಂಟಲಿಗೆ ತೊಟ್ಟು ನೀರು ಇಳಿದಿರಲಿಲ್ಲ.

"ಟೀ ಕುಡಿ ಅಪ್ಪ. ಮೂರನೇ ಸಲ ಬಿಸಿ ಮಾಡಿದೀನಿ."

ಅಪ್ಪ ಬೋಳು ಗಿಡವನ್ನೇ ನೋಡುತ್ತಿದ್ದ. "ಚಳಿ ಊರಿಂದ ಕಿತ್ಕೊಂಡು ಬಂದೆ ಅವಳನ್ನ. ಬಸ್ಸಲ್ಲಿ ಅಷ್ಟು ದೂರವೂ ತೊಡೆ ಮೇಲೆ ಆ ಸಸಿ. ಒಂದು ಕಾಯಿ ಕಚ್ಚಲಿಲ್ಲ ಅದು ಇಲ್ಲಿ. ಅವಳೂ ಒಳಗೊಳಗೆ ಹಾಗೇ ಇದ್ದಳೇನೋ. ಕೇಳೋಕೆ ಧೈರ್ಯ ಆಗಲಿಲ್ಲ ನಂಗೆ."

ಮಗಳು ಟೀಯನ್ನು ಅವನ ಪಕ್ಕದಲ್ಲಿಟ್ಟಳು. ಲೋಟ ಮೆಟ್ಟಿಲ ಮೇಲೆ ಉಳಿಯಿತು.

*

ಮಗಳಿಗೆ ಆಗ ಎಂಟು ವರ್ಷ. ಒಂದು ಬೆಳಿಗ್ಗೆ ಸೇಬಿನ ಗಿಡದಲ್ಲಿ ಕೆಂಪಗೆ ಒಂದು ಹಣ್ಣು. ಅಕ್ಕಪಕ್ಕದವರೆಲ್ಲ ಬೇಲಿಗೆ ಬಂದು ಜೋತುಬಿದ್ದರು. ಅಪ್ಪ ಏನೂ ಅರಿಯದವನಂತೆ ಹಲ್ಲುಜ್ಜುತ್ತ ನಿಂತಿದ್ದ. ಅಮ್ಮ ಹತ್ತಿರ ಹೋದಳು. ತೊಟ್ಟಿಗೆ ಸುತ್ತಿದ್ದ ಕಪ್ಪು ದಾರ ಅವಳದೇ ಹೊಲಿಗೆ ಡಬ್ಬಿಯದು. ಹಣ್ಣು ಬಿಡಿಸಿಕೊಂಡು, ಯಾರಿಗೂ ಮುಖ ತೋರಿಸದೆ ಸರಸರ ಒಳಗೆ ನಡೆದಳು. ಬಾಗಿಲು ಹಾಕಿಕೊಂಡಿತು. ಎಷ್ಟೋ ಹೊತ್ತಿಗೆ ತಟ್ಟೆ ಚಾಕು ಹಿಡಿದು ಹೊರಗೆ ಬಂದಾಗ ಅವಳ ಕಣ್ಣು ಕೆಂಪಾಗಿದ್ದವು. ಎಲ್ಲರಿಗೂ ಒಂದೊಂದು ಹೋಳು ಕೊಟ್ಟಳು. ಆ ಮಾತು ಮತ್ತೆ ಎತ್ತಲಿಲ್ಲ. ಅಪ್ಪನೂ ಎತ್ತಲಿಲ್ಲ.

*

"ನಿಮ್ಮಮ್ಮನಿಗೆ ಕನ್ನಡಕ ಹಾಕಿಯೇ ಕಳಿಸೋಣ ಕಣೇ," ಎಂದಳು ಅತ್ತೆ, ಅಪ್ಪನ ಅಕ್ಕ. ಅವಳ ಮಡಿಲಲ್ಲಿ ಆಗಲೇ ಐದಾರು ಅಂಜೂರ ಸೇರಿದ್ದವು. "ಅದಿಲ್ದೆ ಅವಳಿಗೆ ಬಾಗಿಲೇ ಕಾಣ್ತಿರಲಿಲ್ಲ."

ಕನ್ನಡಕದ ಡಬ್ಬಿ ಹೊಲಿಗೆ ಯಂತ್ರದ ಖಾನೆಯಲ್ಲಿ ಸಿಕ್ಕಿತು. ಮಗಳು ಅದನ್ನು ತೆರೆದಳು. ಮುಚ್ಚಳದ ಒಳಬದಿಯಲ್ಲಿ ಅಂಗಡಿಯ ಸೇಬಿನ ಮೇಲೆ ಅಂಟಿಸುವ ಚೀಟಿ, ಉಗುರಗಲದ್ದು, ಬಣ್ಣ ಹೋಗಿ ಬೆಳ್ಳಗಾಗಿತ್ತು. ಅದರ ಕೆಳಗೆ ಅಮ್ಮನ ಗುಂಡು ಅಕ್ಷರ: "ನಮ್ಮ ಮೊದಲ ಫಸಲು."

ಅವಳು ಡಬ್ಬಿಯನ್ನು ಅಪ್ಪನ ಕೈಗಿಟ್ಟಳು. ಅಪ್ಪ ಅದನ್ನು ದೂರ ಹಿಡಿದ, ಹತ್ತಿರ ಹಿಡಿದ. ಗಿಡದ ಬುಡದಲ್ಲಿ ಐಸು ಒಡೆಯುತ್ತಿದ್ದವನು ಕತ್ತೆತ್ತಿದ.

"ಅದಾ? ವಾರವಾರವೂ ನಂಗೆ ತೋರಿಸ್ತಿದ್ರು ಯಜಮಾನ್ರೇ. ತೋರಿಸೋದು, ಕಣ್ಣಲ್ಲಿ ನೀರು ಬರೋ ಹಾಗೆ ನಗೋದು. ಅವತ್ತು ಒಳಗೆ ಹೋಗಿ ಬಾಯಿಗೆ ದಿಂಬು ಒತ್ಕೊಂಡು ನಕ್ಕಿದ್ರಂತೆ. ನಮ್ಮೋರಿಗೆ ಗೊತ್ತಾದ್ರೆ ಪಾಪ ನಾಚ್ಕೊಳ್ತಾರೆ, ಹೇಳ್ಬೇಡ ಅಂದಿದ್ರು."

"ನಕ್ಕಿದ್ಲಾ?" ಎಂದ ಅಪ್ಪ.

"ನಾನೂ ಒಂದ್ಸಲ ಕೇಳ್ದೆ, ಯಾಕಮ್ಮಾ ಈ ಪಾಡು, ನಿಮ್ಮೂರಿಗೇ ಹೋದ್ರೆ ಬುಟ್ಟಿಗಟ್ಲೆ ಸಿಗಲ್ವಾ ಅಂತ. ಅಲ್ಲಿ ಸೇಬು ತಾನೇ ಬಿಡತ್ತೆ ಕಣೋ, ಅದರಲ್ಲೇನು ಮಜಾ ಅಂದ್ರು. ನಮ್ಮೋರ ಹಾಗೆ ದಾರ ಕಟ್ಟೋರು ಅಲ್ಲಿ ಯಾರಿದ್ದಾರೆ ಅಂದ್ರು."

ಅಪ್ಪನ ಭುಜ ಅಲುಗಿತು. ಮಗಳು ಗಾಬರಿಯಿಂದ ಹಿಡಿದುಕೊಳ್ಳಲು ಹೋದಳು. ಅಪ್ಪ ನಗುತ್ತಿದ್ದ. ನಗುವೂ ಅಳುವೂ ಒಂದೇ ಗಂಟಲಲ್ಲಿ ನೂಕಾಡುತ್ತಿದ್ದವು. ಮೂಗೊರೆಸಿಕೊಂಡು, ಆರಿದ ಟೀಯನ್ನು ಒಂದೇ ಗುಟುಕಿಗೆ ಕುಡಿದು ಎದ್ದ.

"ಏನ್ ನೋಡ್ತಾ ನಿಂತಿದೀರಿ ಎಲ್ಲ? ಕರಗ್ತಿದೆ ಅದು."

ಹೊರಗೆ ಅಮ್ಮನನ್ನು ಒಯ್ಯುವ ವ್ಯಾನಿನ ಹಾರ್ನು ಕೇಳಿಸಿತು. "ಐದು ನಿಮಿಷ ನಿಲ್ಲೋಕೆ ಹೇಳು," ಎಂದು ಅಪ್ಪ ಮಾಮನಿಗೆ ಹೇಳಿ, ಪ್ಯಾಂಟು ಮಡಚದೆ ಗಿಡದ ಬುಡದಲ್ಲಿ ಮಂಡಿಯೂರಿದ. ಐಸಿನ ಚೂರುಗಳು ಕೈಯಿಂದ ಕೈಗೆ ದಾಟಿ ಬಂದವು. "ಅಯ್ಯೋ, ಬೆರಳು ಮರಗಟ್ಟಿತು," ಎಂದಳು ಅತ್ತೆ. "ನಿಂಗೇ ಹಿಂಗಾದ್ರೆ ಗಿಡಕ್ಕೆ ನಿದ್ದೆ ಬಂದೇ ಬರತ್ತೆ ಬಿಡಕ್ಕ," ಎಂದ ಅಪ್ಪ. ಮೇಲೆ ಗೋಣಿ ಹೊದಿಸಿ, ಮಗುವಿಗೆ ಕಂಬಳಿ ಸರಿಮಾಡುವಂತೆ ಅಂಚು ಒತ್ತಿದ.

ಆಮೇಲೆ ಅಮ್ಮನನ್ನು ಎತ್ತಿಕೊಂಡರು. ಮುಂಬಾಗಿಲಿಂದ ಬೇಡ, ಹಿತ್ತಲ ದಾರಿಯಲ್ಲೇ ಹೋಗೋಣ ಎಂದು ಅಪ್ಪನೇ ಹೇಳಿದ. ಅವನ ಎರಡೂ ಮಂಡಿಯ ಮೇಲೆ ಗುಂಡಗೆ ಒದ್ದೆಯಾಗಿತ್ತು. ಮಗಳು ಅಪ್ಪನ ಕೈ ಹಿಡಿದುಕೊಂಡಳು, ಐಸಿನಂತೆ ಕೊರೆಯುತ್ತಿತ್ತು. ಸೇಬಿನ ಗಿಡ ದಾಟುವಾಗ ಹೊತ್ತವರು ಹೆಜ್ಜೆ ನಿಧಾನಿಸಿದರು. ಅಮ್ಮನ ಕನ್ನಡಕದ ಗಾಜಿನಲ್ಲಿ ಬೋಳು ಕೊಂಬೆಯೊಂದು ಉದ್ದಕ್ಕೂ ಹಾದುಹೋಯಿತು. ಅದರ ತುದಿಯಲ್ಲಿ ಕಪ್ಪು ದಾರದ ಹಳೆಯ ಗಂಟು ಇನ್ನೂ ಹಾಗೇ ಇತ್ತು.