ಅಮಾಲಿಯಾಳ ಎಳೆತ

ಸತ್ತ ಮೇಲೂ ಅಮಾಲಿಯಾ ಒಂದು ತಕರಾರು ಇಟ್ಟೇ ಹೋಗಿದ್ದಳು. ಆ ಕಿರ್ಗಿಸ್ ಹಳ್ಳಿಯಲ್ಲಿ ನೆಲೆಸಿದ ಜರ್ಮನ್ ಮೂಲದವರ ಲೂಥರನ್ ಪ್ರಾರ್ಥನಾ ಮನೆಯಲ್ಲಿ, ಪಾದ್ರಿಯೂ ಇಲ್ಲದ, ಪುಸ್ತಕವೂ ಇಲ್ಲದ ಸೋವಿಯತ್ ಕಾಲದಿಂದ ಹಾಡು ಎತ್ತುತ್ತಿದ್ದವಳು ಅವಳೇ. ಒಂದೊಂದು ಸಾಲನ್ನೂ ನೂಡಲ್ಸ್ ಹಿಟ್ಟಿನ ಹಾಗೆ ಎಳೆಯುತ್ತಿದ್ದಳು. ಪಕ್ಕದಲ್ಲಿ ಕೂತ ಗೆಳತಿ ಒಟೀಲಿಯಾ ಪ್ರತಿ ಭಾನುವಾರ ಗೊಣಗುತ್ತಿದ್ದಳು: “ಬೇಗ ಮುಗ್ಸೇ ಮಾರಾಯ್ತಿ, ಒಲೆ ಮೇಲಿನ ಸೂಪು ತಳ ಹಿಡಿಯುತ್ತೆ!”

ಅಂಥವಳಿಂದಲೇ ಅಮಾಲಿಯಾ ಕೊನೆಗೆ ಮಾತು ತೆಗೆದುಕೊಂಡಿದ್ದಳು. “ನನ್ನ ಮಣ್ಣಿಗೆ ನೀನೇ ಹಾಡಬೇಕು, ನನ್ ಥರಾನೇ, ನಿಧಾನಕ್ಕೆ. ಆ ಹುಡುಗನ ಕೈಗೆ ಕೊಟ್ರೆ ನನ್ನನ್ನ ಓಡಿಸ್ಕೊಂಡು ಹೋಗಿ ಗುಂಡಿಗೆ ಹಾಕ್ತಾನೆ.”

ಆ ಹುಡುಗ ಅಂದರೆ ಜರ್ಮನಿಯಿಂದ ಬಂದ ಹೊಸ ಪಾದ್ರಿ ಫೋಲ್ಕ್‌ಮಾರ್. ಒಳ್ಳೆಯವನೇ ಪಾಪ, ಆದರೆ ಕಾಲಿಗೆ ಚಕ್ರ. ಮಣ್ಣಿನ ದಿನ ಒಟೀಲಿಯಾ ಈ ಮಾತು ತಿಳಿಸಿದಾಗ ಅವನು ಕೈ ಉಜ್ಜಿಕೊಂಡ.

“ಅಜ್ಜೀ, ಚಳಿ ನೋಡಿ. ನಮ್ಮೂರಲ್ಲಿ ಇಷ್ಟೊತ್ತಿಗೆ ಹಾಡು ಮುಗ್ಸಿ ಕಾಫಿನೂ ಕುಡಿದಿರ್ತೀವಿ.”

“ಅದಕ್ಕೇ ಪಾದ್ರಿಗಳೇ, ನಿಮ್ಮೂರ ಚರ್ಚು ಖಾಲಿ ಹೊಡೀತಿರೋದು. ಎಲ್ರೂ ಕಾಫಿಗೆ ಹೋಗ್ಬಿಟ್ಟಿದ್ದಾರೆ.”

ಪಾದ್ರಿ ನಕ್ಕುಬಿಟ್ಟ. “ಆಯ್ತು, ನೀವೇ ಎತ್ತಿ. ಆದ್ರೆ ನಡುವೆ ನಿಂತ್ರೆ ಮುಂದಿಂದು ನಂದು.”

ಗುಂಡಿಯ ಬಳಿ ಒಟೀಲಿಯಾ ಹಾಡು ಎತ್ತಿದಳು. ಮೊದಲ ಚರಣ ಚೆನ್ನಾಗಿಯೇ ಹೋಯಿತು. ಎರಡನೆಯದರ ನಡುವೆ ಮುಂದಿನ ಸಾಲು ಮರೆತೇ ಹೋಯಿತು! ಹೀಗೆ ಮರೆಯುವುದು ಹೊಸದಲ್ಲ, ಭಾನುವಾರ ಭಾನುವಾರವೂ ಆಗುತ್ತಿತ್ತು. ಆಗೆಲ್ಲ ಅಮಾಲಿಯಾ ಹಿಂದಿನ ಸ್ವರವನ್ನೇ ಹಿಡಿದು ಎಳೆಯುತ್ತಿದ್ದಳು, ಅಷ್ಟರಲ್ಲಿ ಇವಳಿಗೆ ಸಾಲು ನೆನಪಾಗುತ್ತಿತ್ತು.

ಅಂದರೆ ಅಷ್ಟೂ ಎಳೆತ ತನಗೋಸ್ಕರವೇ?

ಒಟೀಲಿಯಾ ಶವಪೆಟ್ಟಿಗೆಯನ್ನೇ ನೋಡಿದಳು. ಕೈಯಲ್ಲಿ ಪುಸ್ತಕ ಹಿಡಿದಿದ್ದ ಪಾದ್ರಿ ಮುಂದಿನ ಸಾಲಿಗೆ ಬಾಯಿ ತೆರೆದವನು ಅವಳ ಮುಖ ನೋಡಿದ. ಪುಸ್ತಕ ಮುಚ್ಚಿದ. ಹಿಂದಿನ ಸ್ವರವನ್ನೇ ಹಿಡಿದು ಎಳೆಯತೊಡಗಿದ. ಉಳಿದವರೂ ಎಳೆದರು. ಅಭ್ಯಾಸವಿಲ್ಲದ ಪಾದ್ರಿಯ ಮುಖ ಬೀಟ್‌ರೂಟ್ ಬಣ್ಣಕ್ಕೆ ತಿರುಗಿದರೂ ಬಿಡಲಿಲ್ಲ.

ಸಾಲು ನೆನಪಾಯಿತು.

“ಅಯ್ಯೋ ಕಳ್ಳಿ, ಒಂದ್ ಮಾತು ಹೇಳೋಕೇನಾಗಿತ್ತೇ ನಿಂಗೆ? ಇಷ್ಟು ವರ್ಷ ಸುಮ್ನೆ ಬೈಸ್ಕೊಂಡ್ಯಲ್ಲ!” ಎಂದು ಒಟೀಲಿಯಾ ಪೆಟ್ಟಿಗೆಯತ್ತ ಬಾಗಿ ಪಿಸುಗುಟ್ಟಿದಳು. ಆಮೇಲೆ ಕಣ್ಣೊರೆಸಿಕೊಂಡು ಆ ಸಾಲನ್ನು ಅಮಾಲಿಯಾಳಿಗಿಂತಲೂ ನಿಧಾನವಾಗಿ ಎತ್ತಿದಳು. ಮನೆಯಲ್ಲಿ ಸೂಪು ತಳ ಹಿಡಿದರೆ ಹಿಡಿಯಲಿ.