ಒಡೆಯರ ನಂಬರು

“ಬೋಳಿಮಗನೆ, ನಿನ್ನ ಓಟು ಬಿದ್ದಾಯ್ತು. ಹೋಗು, ಬೆಂಕಿ ನೋಡು!”

ಒಡೆಯರು ಮೊಬೈಲಿನಿಂದ ಕಣ್ಣೆತ್ತಲಿಲ್ಲ. ಅಂಗಳದ ಹಂಡೆಯಲ್ಲಿ ಅಡಿಕೆ ಕುದಿಯುತ್ತಿತ್ತು. ಅದಕ್ಕೆ ಬೆಂಕಿ ಹಾಕುವವನು ನಾನು, ಚೌಡ. ಸುಲಿಯಲು ಕೂತವರಲ್ಲಿ ನನ್ನ ಹೆಂಡತಿ ಬಂಗಾರಿಯೂ ಇದ್ದಳು.

ಶಾಲೆಯ ಹಿಂದಿನ ಎರಡು ಎಕರೆ ನಮ್ಮ ಮನೆಗಳಿಗೋ, ಒಡೆಯರ ಕಡೆಯವರ ಗೋದಾಮಿಗೋ ಎಂದು ಊರು ಇವತ್ತು ತೀರ್ಮಾನಿಸಬೇಕಿತ್ತು. ಮೊದಲಾದರೆ ಗ್ರಾಮಸಭೆಯಲ್ಲಿ ಕೈ ಎತ್ತುತ್ತಿದ್ದೆವು. ಈ ಸಲ ಎಲ್ಲ ಆನ್‌ಲೈನ್, ಸಂಜೆ ಐದರವರೆಗೆ. ಒಡೆಯರ ಜಾಗದಲ್ಲಿ ಬಿಡಾರ ಹಾಕಿಕೊಂಡು, ಅವರು ಏಳು ಅಂದ ದಿನ ಏಳಬೇಕಾದವರು ನಾವು.

ಮಧ್ಯಾಹ್ನ ಊಟ ಬಿಟ್ಟು ಪಂಚಾಯ್ತಿಗೆ ಓಡಿದ್ದೆ. ಕಂಪ್ಯೂಟರಿನ ಹುಡುಗಿ ರಮ್ಯಶ್ರೀ ನನ್ನ ಆಧಾರ್ ಕಾರ್ಡಿನ ನಂಬರು ಒತ್ತಿ ನೋಡಿದಳು.

“ನಿಂದು ಬೆಳಿಗ್ಗೇನೇ ಬಿದ್ದದ್ಯಲ್ಲ.”

“ನಾ ಹಾಕ್ಲೇ ಇಲ್ಲ ತಂಗಿ!”

“ಓಟಿಪಿ ಹೋದದ್ದು ನೀ ಕೊಟ್ಟ ಮೊಬೈಲಿಗೇ ಮಾರಾಯ. ಕೊನೆಗೆ ನಲವತ್ತಾರು. ಯಾರದ್ದು?”

ಒಡೆಯರದ್ದು. ಎರಡು ವರ್ಷದ ಹಿಂದೆ ಕಾರ್ಡಿಗೆ ಮೊಬೈಲ್ ನಂಬರು ಬೇಕೇ ಬೇಕು ಅಂದಾಗ ಬಿಡಾರದ ನಮ್ಮ ಹತ್ತೊಂಬತ್ತು ಜನರಲ್ಲಿ ಒಬ್ಬರ ಹತ್ತಿರವೂ ಮೊಬೈಲ್ ಇರಲಿಲ್ಲ. “ನಂದೇ ಬರೆಸ್ರೋ” ಅಂದಿದ್ದರು ಒಡೆಯರು. ದೇವರಂಥ ಮನುಷ್ಯ ಎಂದು ಕೈ ಮುಗಿದಿದ್ದೆವು. ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ!

ವಾಪಸ್ ಬಂದು ಕೇಳಿದ್ದಕ್ಕೇ ಈ ಬೈಗುಳ.

ಒಡೆಯರ ಕೈಯಲ್ಲಿ ಮೊಬೈಲು ಟಿಣ್ ಅಂದಿತು. “ಬಂತು ನೋಡು, ಬಂಗಾರೀದು ಓಟಿಪಿ.”

ಬಂಗಾರಿ ಎದ್ದು ನಿಂತಳು. “ಒಡೇರೇ, ನಂದು ನಾನೇ ಹಾಕ್ತೆ.”

“ಹಾಕ್ತಾಳಂತೆ! ಓದೂಕೆ ಬತ್ತದೇನೇ ನಿಂಗೆ? ಬಾಯ್ಮುಚ್ಚಿ ಸುಲಿ, ರಂಡೆ.”

ನನಗೆ ಮೈಯೆಲ್ಲ ಉರಿದುಹೋಯಿತು. ಮೊಬೈಲು ಕಿತ್ತುಕೊಂಡು ಹಂಡೆಗೆ ಎಸೆದೆ. ಕೆಂಪು ನೀರಲ್ಲಿ ಅದು ಬುಳುಕ್ಕನೆ ಮುಳುಗಿತು.

“ಸೌಟು ತಾರೋ ಸೂಳೆಮಗನೆ! ಇನ್ನೂ ಹನ್ನೊಂದು ಓಟು ಇತ್ತಲ್ಲೋ ಅದ್ರಲ್ಲಿ!” ಒಡೆಯರು ಹಂಡೆಯ ಸುತ್ತ ಕುಣಿದರು.

ಸುಲಿಯುವ ಕತ್ತಿಗಳೆಲ್ಲ ನಿಂತಿದ್ದವು. ಬಂಗಾರಿ ಉದ್ದದ ಸೌಟು ಎತ್ತಿಕೊಂಡಳು, ಒಡೆಯರಿಗೆ ಕೊಡಲಿಲ್ಲ. ಬೆನ್ನ ಹಿಂದೆ ಹಿಡಿದು ನಿಂತಳು. ಗಂಟೆ ಇನ್ನೂ ನಾಲ್ಕಾಗಿರಲಿಲ್ಲ; ಓಟು ಮುಗಿಯುವುದು ಐದಕ್ಕೆ.

“ಬೆಂಕಿ ನೋಡು ಅಂದ್ರಲ್ಲ ಒಡೇರೇ” ಎಂದು ನಾನು ಇನ್ನೊಂದು ದಪ್ಪ ಕಟ್ಟಿಗೆಯನ್ನು ಒಲೆಗೆ ನೂಕಿದೆ.