ಉಳಿದದ್ದು ಒಲೆಗೆ

ನನ್ನ ತಮ್ಮ ಕುಸಿದುಬಿದ್ದ ಸುದ್ದಿ ನನಗೆ ತಿಳಿದದ್ದು ಅಡಿಗೆಮನೆಯಲ್ಲಿ. ಬೆಳಿಗ್ಗೆ ಅಂಗಡಿಗೆ ಹೊರಡುವಾಗ ಅವನು ಎದೆ ನೀವಿಕೊಳ್ಳುತ್ತಾ, “ಅಕ್ಕಾ, ಯಾಕೋ ಎದೆ ಉರೀತಿದೆ, ಒಂದು ಸೋಡಾ ಕುಡಿದ್ರೆ ಸರಿಹೋಗುತ್ತೆ” ಅಂದಿದ್ದ. ತಂಪು ಹೊತ್ತಿನಲ್ಲೂ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಹೊತ್ತೇರುವ ಮೊದಲೇ ಮೀನು ಮಾರುವ ಹೆಂಗಸು ಹಿತ್ತಿಲ ಬಾಗಿಲಿಗೆ ಓಡಿ ಬಂದಳು. ತಲೆಯ ಮೇಲೆ ಬುಟ್ಟಿ ಇರಲಿಲ್ಲ. “ಅಕ್ಕಾ, ಒಲೆ ಆರಿಸಿ ಬನ್ನಿ” ಎಂದಳು. ಅಂಗಡಿಯಲ್ಲಿ ಮಾಂಸ ಕಡಿಯುವ ಕೊರಡಿನ ಪಕ್ಕದಲ್ಲೇ ತಮ್ಮ ಕುಸಿದಿದ್ದ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ದೇವರು ಅವನನ್ನು ಕರೆದುಕೊಂಡಾಗಿತ್ತು. ನನ್ನ ಸೊಂಟದ ಮೇಲೆ ಕೂತು ಬೆಳೆದ ಮಗು ಅದು. ಹೋಗಬೇಕಾದದ್ದು ನಾನು, ಹೋದದ್ದು ಅವನು.

ನಮ್ಮದು ಮಾಂಸದ ಅಂಗಡಿಯ ಮನೆ. ಮೊದಲು ಅಪ್ಪ ನಡೆಸಿದರು, ಆಮೇಲೆ ತಮ್ಮ, ಈಗ ತಮ್ಮನ ಮಗ. ಅಪ್ಪ ಹಾಕಿಕೊಟ್ಟ ಒಂದು ನಿಯಮವನ್ನು ಮೂರು ತಲೆಮಾರಿನಿಂದ ಯಾರೂ ಮುರಿದಿಲ್ಲ: “ಮಾರಿದ್ದು ಊರಿಗೆ, ಉಳಿದದ್ದು ಒಲೆಗೆ.” ಜೀವ ತೆಗೆದ ಮೇಲೆ ಅದನ್ನು ತಿಪ್ಪೆಗೆ ಎಸೆಯುವುದು ದೇವರಿಗೆ ಮಾಡುವ ದ್ರೋಹ ಎಂದು ನಾವು ನಂಬಿದವರು.

ತಮ್ಮ ಹೋದ ಕೆಲವು ದಿನಗಳ ನಂತರ ಆರೋಗ್ಯ ಕೇಂದ್ರದ ನರ್ಸಮ್ಮ ಮಾತಾಡಿಸಲು ಬಂದರು. ನನ್ನ ಕೈ ಹಿಡಿದು ಪಕ್ಕದಲ್ಲಿ ಕೂತರು. ಆಮೇಲೆ ಚೀಲದಿಂದ ಬಿ.ಪಿ. ನೋಡುವ ಯಂತ್ರ ತೆಗೆದು ತಮ್ಮನ ಮಗನನ್ನು ಕರೆದರು.

“ಬಾಪ್ಪಾ, ತೋಳು ಕೊಡು. ತಂದೆಗೆ ಹೀಗಾದ ಮೇಲೆ ಮಕ್ಕಳು ನೋಡಿಸ್ಕೋಬೇಕು.”

“ನನಗೇನಾಗಿದೆ ನರ್ಸಮ್ಮಾ? ಗೂಳಿ ತರ ಇದ್ದೀನಿ.”

“ಗೂಳಿ ಹುಲ್ಲು ತಿನ್ನುತ್ತೆ ಕಣಪ್ಪಾ” ಎಂದರು ಅವರು, ಪಟ್ಟಿ ಸುತ್ತುತ್ತಾ.

ಅವನ ಹೆಂಡತಿ, ನಮ್ಮ ಸೊಸೆ, ಬಾಗಿಲ ಮರೆಯಲ್ಲಿ ನಕ್ಕಳು. ಯಂತ್ರ ನೋಡಿದ ನರ್ಸಮ್ಮ ಮಾತ್ರ ನಗಲಿಲ್ಲ. ಇನ್ನೊಮ್ಮೆ ನೋಡಿದರು. “ಒತ್ತಡ ತುಂಬಾ ಜಾಸ್ತಿ ಇದೆ. ನಾಳೆನೇ ಬಂದು ಡಾಕ್ಟರಿಗೆ ತೋರಿಸು. ಮಾತ್ರೆ ಕೊಟ್ರೆ ತಗೋ. ಊಟಾನೂ ಬದಲಾಯಿಸ್ಬೇಕು. ದಿನಾ ಮಾಂಸ ಬೇಡ. ಕೊಬ್ಬು, ಉಪ್ಪು ಹಾಕಿ ಒಣಗಿಸಿದ್ದು ಮೊದಲು ಬಿಡು.”

“ಕಟುಕನ ಮಗನಿಗೆ ಸೊಪ್ಪು ತಿನ್ನು ಅಂತೀರಾ? ಗಿರಾಕಿಗಳು ಅಂಗಡಿ ಮುಂದೆ ನಿಂತು ನಗ್ತಾರೆ.”

“ನಗಲಿ ಬಿಡಿ” ಎಂದಳು ಸೊಸೆ. “ನಾವು ಅಳೋದಕ್ಕಿಂತ ಅವರು ನಗೋದೇ ವಾಸಿ.”

ಅವನ ಮುಖ ಗಂಟಾಯಿತು. “ನಮ್ಮಜ್ಜ ಇದನ್ನೇ ತಿಂದು ತುಂಬು ಆಯಸ್ಸು ಬಾಳಿದ್ರು. ಸಾಯೋವರೆಗೂ ಹಲ್ಲು ಗಟ್ಟಿ ಇತ್ತು. ಅಪ್ಪಂದು ಹಣೆಬರಹ, ಅದಕ್ಕೆ ಮಾಂಸ ಏನು ಮಾಡುತ್ತೆ?”

ನರ್ಸಮ್ಮ ನನ್ನ ಕಡೆ ತಿರುಗಿದರು. “ನಾನು ಅವರನ್ನ ಕಂಡವಳಲ್ಲ. ನಿಮ್ಮ ತಂದೆ ಹೇಗೆ ಉಣ್ತಿದ್ರು, ನೀವೇ ಹೇಳಿ ಅಮ್ಮಾ.”

ನಾನು ಹೇಳಿದೆ. ಅಪ್ಪ ಸುಮ್ಮಸುಮ್ಮನೆ ಕತ್ತಿ ಹಿಡಿದವರಲ್ಲ. ಮೊದಲು ಬೀದಿಯಲ್ಲಿ ಮನೆಮನೆಗೂ ಹೋಗಿ ಯಾರಿಗೆ ಪಾಲು ಬೇಕು ಎಂದು ಕೇಳುತ್ತಿದ್ದರು. ಒಂದು ಪ್ರಾಣಿಯ ಅಷ್ಟೂ ಪಾಲಿಗೆ ಗಿರಾಕಿ ಸಿಗುವ ಹೊತ್ತಿಗೆ ವಾರ ಕಳೆಯುತ್ತಿತ್ತು. ಆಗ ಅಂಗಡಿ ತೆಗೆಯುತ್ತಿದ್ದುದು ವಾರಕ್ಕೊಂದೇ ದಿನ. ತಂಪುಪೆಟ್ಟಿಗೆ ಎಂಬುದನ್ನು ನಾವು ಕೇಳಿಯೂ ಇರಲಿಲ್ಲ. ಅಂದು ಉಳಿದ ಚೂರುಪಾರು ಅಂದೇ ಒಲೆ ಏರುತ್ತಿತ್ತು. ಮಿಕ್ಕ ದಿನ ಬೇಳೆ, ತರಕಾರಿ, ಸಣ್ಣ ಮೀನು. ಈ ಮೀನಿನವಳ ತಾಯಿ ಬೆಳಗಿನ ಜಾವವೇ ಬುಟ್ಟಿ ಇಳಿಸುತ್ತಿದ್ದಳು. ಬೆರಳುದ್ದದ ಮೀನು, ಮುಳ್ಳು ಸಮೇತ ಅಗಿದು ನುಂಗುತ್ತಿದ್ದೆವು. ಕೋಳಿ ಕೊಯ್ಯುತ್ತಿದ್ದುದು ನೆಂಟರು ಬಂದಾಗ, ಇಲ್ಲವೇ ಯಾರಾದರೂ ಕಾಯಿಲೆಯಿಂದ ಎದ್ದಾಗ.

ಆಮೇಲೆ ಕಾಲ ತಿರುಗಿತು. ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡಿತು. ಅರೆಹೊಟ್ಟೆ ಉಂಡು ಬೆಳೆದವರು ನಾವು. ಮಕ್ಕಳ ತಟ್ಟೆಯಲ್ಲಿ ದಿನವೂ ಮಾಂಸ ಕಂಡರೆ ದೇವರು ಕಣ್ಣು ಬಿಟ್ಟ ಎನ್ನುತ್ತಿದ್ದೆವು. ಅದರಲ್ಲಿ ತಪ್ಪೇನೂ ಇರಲಿಲ್ಲ. ಅಂಗಡಿಗೆ ತಂಪುಪೆಟ್ಟಿಗೆ ಬಂತು, ಬಾಗಿಲು ದಿನಾ ತೆರೆಯಿತು. ನಿಯಮ ಮಾತ್ರ ಹಳೆಯದೇ ಉಳಿಯಿತು. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ ಉಳಿಕೆ ದಿನವೂ ಬರತೊಡಗಿತು. ಒಳ್ಳೆಯ ತುಂಡು ಗಿರಾಕಿಗೆ, ಕೊಬ್ಬು ಚರ್ಮ ನಮಗೆ. ಅದೂ ಮಿಕ್ಕರೆ ಉಪ್ಪು ಸವರಿ ಒಣಗಿಸುವುದು. ಸಣ್ಣ ಮೀನನ್ನು ಲಾರಿಗಟ್ಟಲೆ ಕೋಳಿ ಮೇವಿಗೆ ಸಾಗಿಸತೊಡಗಿದರು. ಮೀನಿನವಳ ಬುಟ್ಟಿ ವರ್ಷದಿಂದ ವರ್ಷಕ್ಕೆ ಹಗುರವಾಯಿತು.

“ಇದು ನಿಮ್ಮೊಂದು ಮನೆ ಕಥೆ ಅಲ್ಲಮ್ಮಾ” ಎಂದರು ನರ್ಸಮ್ಮ. “ನಾನು ಹೋಗೋ ಬೀದಿಗಳಲ್ಲೆಲ್ಲ ತಟ್ಟೆ ಹೀಗೇ ಬದಲಾಗಿದೆ. ಮೈಗೆ ದುಡಿಮೆ ಕಮ್ಮಿ, ತಟ್ಟೆಗೆ ಮಾಂಸ ಜಾಸ್ತಿ.”

ತಮ್ಮನ ಮಗ ಇನ್ನೂ ಬಗ್ಗಲಿಲ್ಲ. “ಅಜ್ಜನ ಕಾಲದಲ್ಲಿ ಮನೆಗೆ ಬರೋ ಪಾಲು ದೊಡ್ಡದಿತ್ತಂತೆ ಅತ್ತೆ. ಎರಡು ಬೊಗಸೆ ತುಂಬ ಬರ್ತಿತ್ತು ಅಂತ ಅಪ್ಪ ಹೇಳ್ತಿದ್ರು.”

“ಸರಿ ಮಗಾ, ಹಾಗಾದ್ರೆ ಕಡಿ. ನೋಡೇಬಿಡೋಣ.”

ಅವನಿಗೆ ತಕ್ಕಡಿ ಬೇಕಿಲ್ಲ. ಅಪ್ಪನ ಕೈ ಅವನಿಗೆ ಬಂದಿದೆ. ಅಂಗಡಿಯಿಂದ ಮಾಂಸ ತಂದು ಅಡಿಗೆಮನೆಯ ಹಲಗೆಯ ಮೇಲೆ ಎರಡು ಬೊಗಸೆಯಷ್ಟನ್ನು ಅಳೆದಂತೆ ಕಡಿದಿಟ್ಟ. ಗೆದ್ದವನ ಹಾಗೆ ನನ್ನ ಮುಖ ನೋಡಿದ.

“ಈಗ ಹಂಚು” ಅಂದೆ. “ಅಪ್ಪನಿಗೆ, ಅಮ್ಮನಿಗೆ, ಅಜ್ಜಿಗೆ. ಅಂಗಡಿ ಆಳಿಗೆ. ಆಮೇಲೆ ನಾವು ಮಕ್ಕಳು. ನಿಮ್ಮಪ್ಪ ಆಗ ಕೂಸು, ಅವನಿಗೂ ಒಂದು ತುಂಡು ಇಡು.”

ಅವನು ದೊಡ್ಡ ತಟ್ಟೆಯಲ್ಲಿ ಗುಡ್ಡೆ ಹಾಕುತ್ತಾ ಹೋದ. ಮೊದಲ ಗುಡ್ಡೆ ದೊಡ್ಡದಾಯಿತು, ಕೊನೆಯವರಿಗೆ ಸಾಲಲಿಲ್ಲ. ಎಲ್ಲ ಕೂಡಿಸಿ ಮತ್ತೆ ಹಂಚಿದ. ಒಬ್ಬೊಬ್ಬರಿಗೂ ಬಂದದ್ದು ಅಂಗೈ ಅಗಲಕ್ಕಿಂತ ಕಡಿಮೆ.

“ಇದರಲ್ಲಿ ಅಜ್ಜಂದು ಯಾವುದು?”

“ಎಲ್ಲರದ್ದೂ ಆದ್ಮೇಲೆ ಉಳಿದದ್ದು.”

“ಇಷ್ಟೇನಾ ಅತ್ತೆ?”

“ಇಷ್ಟೇ ಕಣೋ. ಮತ್ತೆ ಮುಂದಿನ ವಾರ.”

ಸೊಸೆ ಒಳಗಿಂದ ಹಿಂದಿನ ದಿನ ಅಂಗಡಿಯಿಂದ ಬಂದ ಪಾತ್ರೆಯನ್ನು ತಂದು ತಟ್ಟೆಯ ಪಕ್ಕ ಇಟ್ಟಳು. ಅಂಚಿನವರೆಗೂ ತುಂಬಿತ್ತು. ಉಣ್ಣುವವರು ನಾವು ಮೂವರು, ಒಂದು ಮಗು. ಅವನು ತಟ್ಟೆ ನೋಡಿದ, ಪಾತ್ರೆ ನೋಡಿದ. ತಂದೆಯನ್ನು ಕಳುಹಿಸಿ ಬಂದ ದಿನವೂ ಅಳದವನು ಅಂದು ಹಲಗೆಯ ಮುಂದೆ ಕೂತು ಅತ್ತ.

ಕಣ್ಣೊರೆಸಿಕೊಂಡ ಮೇಲೆ ಕೇಳಿದ: “ಹಾಗಾದ್ರೆ ಉಳಿದದ್ದನ್ನ ಏನು ಮಾಡ್ಲಿ? ತಿಪ್ಪೆಗೆ ಹಾಕ್ಲಾ? ಅಜ್ಜನ ಆತ್ಮ ಮೆಚ್ಚುತ್ತಾ?”

ನಾನು ಹೇಳಿದೆ: “ಉಳಿಯೋ ಹಾಗೆ ಕಡಿಯೋದು ಯಾಕೆ? ನಿಮ್ಮಜ್ಜ ಮೊದಲು ಬಾಯಿ ತೆಗೀತಿದ್ರು, ಆಮೇಲೆ ಕತ್ತಿ.”

“ಈಗಿನ ಗಿರಾಕಿಗಳು ಮುಂಚೆನೇ ಹೇಳ್ತಾರಾ ಅತ್ತೆ?”

“ಕೇಳಿ ನೋಡಿ” ಎಂದಳು ಸೊಸೆ. “ಫೋನ್ ಇಟ್ಕೊಂಡಿರೋದು ಬರೀ ಹಾಡು ಕೇಳೋಕಾ?”

ಮರುದಿನ ಅವನು ಡಾಕ್ಟರನ್ನು ಕಂಡ. ಮಾತ್ರೆ ನುಂಗುತ್ತಿದ್ದಾನೆ. ಈಗ ಸಂಜೆಯೇ ಗಿರಾಕಿಗಳನ್ನು ಕೇಳಿ, ಬೇಕೆಂದಷ್ಟನ್ನೇ ಕಡಿಯುತ್ತಾನೆ. ಕೆಲವರು ಬೇಸರಪಟ್ಟು ಬೇರೆ ಅಂಗಡಿಗೆ ಹೋದದ್ದೂ ಉಂಟು. ಯಾರೂ ಮಾಂಸ ಕೇಳದ ದಿನ ಅಂಗಡಿಯ ಜಗಲಿಯ ಮೇಲೆ ಮೀನಿನವಳು ಕೂರುತ್ತಾಳೆ. ಸಿಕ್ಕಷ್ಟು ಸಣ್ಣ ಮೀನು ಅಲ್ಲೇ ಖರ್ಚಾಗುತ್ತದೆ. ಸೊಪ್ಪು ಬಡಿಸಿದರೆ ಅವನು ಇಂದಿಗೂ ಗೊಣಗುತ್ತಾನೆ, ಗೊಣಗುತ್ತಲೇ ಉಣ್ಣುತ್ತಾನೆ. ಒತ್ತಡ ಇಳಿದಿದೆ. ಇಳಿಯಿತೆಂದು ಮಾತ್ರೆ ಬಿಡಬೇಡ ಎಂದು ನರ್ಸಮ್ಮ ಗದರಿಸಿ ಹೋಗಿದ್ದಾರೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮಾಂಸ ತಿನ್ನಬೇಡಿ ಎಂದು ಹೇಳುವವಳು ನಾನಲ್ಲ. ಅದೇ ನಮ್ಮ ಅನ್ನ. ಆದರೆ “ಹಿರಿಯರು ತಿಂದರು” ಎನ್ನುವ ಮುಂಚೆ ಎಷ್ಟು ತಿಂದರು, ಎಷ್ಟು ದಿನಕ್ಕೊಮ್ಮೆ ತಿಂದರು ಎಂದು ಮನೆಯ ಮುದುಕರನ್ನು ಕೇಳಿ. ತಟ್ಟೆಯಲ್ಲಿ ಬೇಳೆಗೆ, ತರಕಾರಿಗೆ, ಸಣ್ಣ ಮೀನಿಗೆ ಜಾಗ ಬಿಡಿ. ಉಪ್ಪು ಹಾಕುವಾಗ ಕೈ ಹಿಡಿತದಲ್ಲಿರಲಿ. ಆರೋಗ್ಯವಾಗಿದ್ದೇವೆ ಎನಿಸಿದರೂ ಬಿ.ಪಿ. ನೋಡಿಸಿಕೊಳ್ಳಿ. ಎದೆ ಹಿಂಡಿ ಮೈ ಬೆವರಿದರೆ ಸೋಡಾ ಕುಡಿದು ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ನಿಮ್ಮ ಮನೆಯ ಅಕ್ಕನಿಗೆ ನನ್ನ ಪಾಡು ಬರುವುದು ಬೇಡ.

ಕರುಣಾಳುವಾದ ದೇವರೇ, ನನ್ನ ತಮ್ಮ ಜೀವಮಾನವೆಲ್ಲ ನಿಂತುಕೊಂಡೇ ದುಡಿದವನು. ಅವನನ್ನು ನಿನ್ನ ನೆರಳಿನಲ್ಲಿ ಕೂರಿಸಿಕೋ. ಅವನ ಕಾಲಿನ ನೋವು, ಎದೆಯ ಉರಿ ಎಲ್ಲವನ್ನೂ ನೀಗಿಸು. ಅವನ ಆತ್ಮಕ್ಕೆ ಶಾಂತಿ ಕೊಡು.